ಮೊದಲು ಶೌಚಾಲಯ, ಆಮೇಲೆ ರ‍್ಯಾಂಪ್: ಗ್ರಾಮ ಪಂಚಾಯಿತಿಗಳಿಗೆ ಬಹಿರಂಗ ಪತ್ರ

ರಾಜ್ಯದ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಿಡಿಒಗಳಿಗೆ,

ಮಾನ್ಯರೇ,

ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಉರುಳಿದವರು, ಕಟ್ಟಡ ಕೆಲಸದಲ್ಲಿ ಮೇಲಿನಿಂದ ಜಾರಿದವರು. ಹೀಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ನಿಮ್ಮ ವ್ಯಾಪ್ತಿಯ ಹಳ್ಳಿಗಳಲ್ಲೂ ಇರಬಹುದು. ಆಸ್ಪತ್ರೆಯಲ್ಲಿ ಮೂಳೆಗೆ ರಾಡು, ಸ್ಕ್ರೂ ಕೂರಿಸಿ ಮನೆಗೆ ಕಳಿಸಿರುತ್ತಾರೆ. ಊರಿನವರೆಲ್ಲ ಒಂದು ಸಲ ಬಂದು ನೋಡಿ ಹೋಗಿರುತ್ತಾರೆ. ಅದಾದ ಮೇಲೆ ಆ ಮನುಷ್ಯ ಗ್ರಾಮಸಭೆಯಲ್ಲಿ ಕಾಣುವುದಿಲ್ಲ, ಡೇರಿಯಲ್ಲಿ ಕಾಣುವುದಿಲ್ಲ, ಜಾತ್ರೆಯಲ್ಲೂ ಕಾಣುವುದಿಲ್ಲ. ಊರಿಗೆ ಬಂದೂ ಊರೊಳಗೆ ಬಂದಿರುವುದಿಲ್ಲ.

ಇದಕ್ಕೆ ಕಾರಣ ಅವರ ಬೆನ್ನುಹುರಿ ಎಂದು ಎಲ್ಲರೂ ತಿಳಿದಿದ್ದಾರೆ. ಇಂಥವರ ಪುನರ್ವಸತಿಯಲ್ಲಿ ಕೆಲಸ ಮಾಡುವ ನಾವು ಹೇಳಬೇಕೆಂದಿರುವುದು ಬೇರೆ. ಅವರನ್ನು ಮನೆಯೊಳಗೆ ಕಟ್ಟಿಹಾಕಿರುವುದು ಬಹುಮಟ್ಟಿಗೆ ಶೌಚಾಲಯ. ಅದನ್ನು ಸರಿಮಾಡುವ ಹಣವೂ ಅಧಿಕಾರವೂ ನಿಮ್ಮ ಕೈಯಲ್ಲೇ ಇದೆ.

ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಬೆನ್ನುಹುರಿಗೆ ಪೆಟ್ಟಾದ ಹೆಚ್ಚಿನವರಿಗೆ ಮೂತ್ರಕೋಶ ತುಂಬಿದ್ದು ಗೊತ್ತಾಗುವುದಿಲ್ಲ, ಅದು ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಎಂಬ ತೆಳ್ಳನೆಯ ನಳಿಗೆಯನ್ನು ಅವರೇ ಹಾಕಿಕೊಂಡು ಖಾಲಿ ಮಾಡಿ, ನಳಿಗೆ ಹೊರತೆಗೆದು ಮುಂದಿನ ಕೆಲಸಕ್ಕೆ ಹೋಗಬೇಕು. ಒಂದು ಸಲಕ್ಕೆ 500 ಮಿಲಿಲೀಟರ್ ಮೀರದಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ತುಂಬುತ್ತಲೇ ಹೋದರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಕೆಡುತ್ತದೆ. ಅಂದರೆ ಕೈ ತೊಳೆಯಲು ನೀರು, ಒಳಗೆ ಹೋಗುವಷ್ಟು ಅಗಲದ ಬಾಗಿಲು, ಒಂದಿಷ್ಟು ಮರೆ, ಇಷ್ಟು ಇರುವ ಜಾಗದಿಂದ ಅವರು ನಾಲ್ಕು ಗಂಟೆಗಿಂತ ದೂರ ಇರುವಂತಿಲ್ಲ. ಅವರ ಊರಿನ ಗಡಿ ಇರುವುದು ಕಿಲೋಮೀಟರಿನಲ್ಲಲ್ಲ, ಈ ನಾಲ್ಕು ಗಂಟೆಯಲ್ಲಿ.

ಶೌಚಾಲಯ ಇಲ್ಲದ ಕಡೆ ಹೋಗಲೇಬೇಕಾದಾಗ ಅವರು ಏನು ಮಾಡುತ್ತಾರೆ ಗೊತ್ತೇ? ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ದಿನಕ್ಕೆ ಸುಮಾರು ಎರಡು ಲೀಟರ್ ಕುಡಿಯಬೇಕಾದ ದೇಹ ಅರ್ಧ ಲೀಟರಿನಲ್ಲಿ ದಿನ ಕಳೆಯುತ್ತದೆ. ಮೂತ್ರ ಗಟ್ಟಿಯಾಗಿ ಸೋಂಕು, ಜ್ವರ, ಚಳಿ, ಮುಂದೆ ಕಲ್ಲು. ಒಂದು ಮದುವೆಗೆ ಹೋಗಿ ಬಂದು ಹತ್ತು ದಿನ ಜ್ವರದಲ್ಲಿ ಮಲಗಿದವರು ಎರಡನೇ ಮದುವೆಗೆ ಹೊರಡುವುದಿಲ್ಲ. 'ಅವನಿಗೆ ಜನ ಬೇಡವಾಗಿದೆ, ಮನಸ್ಸು ಕುಗ್ಗಿದೆ' ಎಂದು ಊರು ಮಾತಾಡಿಕೊಳ್ಳುತ್ತದೆ. ಮನಸ್ಸು ಕುಗ್ಗುವುದೂ ನಿಜ, ಆದರೆ ಎಷ್ಟೋ ಸಲ ಅದು ಶುರುವಾಗುವುದು ಇಲ್ಲಿಂದ.

ಈಗ ಪಂಚಾಯಿತಿ ಕಚೇರಿಯ ಶೌಚಾಲಯಕ್ಕೆ ಬನ್ನಿ. ಗಾರೆ ಕೆಲಸದವರೊಬ್ಬರನ್ನೂ ಅಳತೆ ಟೇಪನ್ನೂ ಜೊತೆಗಿಟ್ಟುಕೊಳ್ಳಿ. 18 ಇಂಚಿನ ಸೀಟಿರುವ ಸಾಮಾನ್ಯ ಗಾಲಿಕುರ್ಚಿಯ ಹೊರ ಅಗಲ ಸುಮಾರು 65 ಸೆಂಟಿಮೀಟರ್. ಎರಡೂವರೆ ಅಡಿ ಬಾಗಿಲೆಂದು ಕೂರಿಸಿದ್ದರಲ್ಲಿ ಚೌಕಟ್ಟು, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿಯುವುದೂ ಹೆಚ್ಚುಕಮ್ಮಿ ಅಷ್ಟೇ. ಚಕ್ರ ತಳ್ಳುವ ಕೈಯ ಗೆಣ್ಣು ಚೌಕಟ್ಟಿಗೆ ಉಜ್ಜಿ ಸಿಪ್ಪೆ ಏಳುತ್ತದೆ. ಎರಡಡಿ ಬಾಗಿಲಾದರೆ ಕುರ್ಚಿ ಹೊರಗೇ ನಿಲ್ಲುತ್ತದೆ. ಬೇಕಾಗಿರುವುದು ಅಡ್ಡಿಯಿಲ್ಲದ 90 ಸೆಂಟಿಮೀಟರ್. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲು ಕುರ್ಚಿಯ ಹಿಂದೆ ಮುಚ್ಚಿಕೊಳ್ಳುವುದೇ ಇಲ್ಲ, ಒಳಗೆ ಯಾರಾದರೂ ಬಿದ್ದರೆ ಹೊರಗಿನವರು ತೆರೆಯಲೂ ಆಗುವುದಿಲ್ಲ.

ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಸುತ್ತಳತೆಯ ಜಾಗ ಅಲ್ಲ, ಒಂದೂವರೆ ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಈ ಗೊಂದಲದಲ್ಲಿ ಕೋಣೆಗಳು ಚಿಕ್ಕದಾಗುತ್ತವೆ. ಕಮೋಡಿನ ಒಂದು ಪಕ್ಕದಲ್ಲಿ 90 ಸೆಂಟಿಮೀಟರ್ ಬಿಡಿ. ಅಲ್ಲಿ ಗಾಲಿಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಕೈ ಊರಿ ಅಡ್ಡಕ್ಕೆ ಸರಿದು ಕೂರುತ್ತಾರೆ. ಹಾಗೆ ಸರಿಯಬೇಕಾದರೆ ಎರಡೂ ಆಸನ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿರಬೇಕು: ಕಮೋಡಿನ ಮೇಲ್ಭಾಗ ನೆಲದಿಂದ 45ರಿಂದ 48 ಸೆಂಟಿಮೀಟರ್. ಹಿಡಿಕಂಬಿ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ, ಮುಷ್ಟಿಗೆ ಸಿಗುವಷ್ಟು ದಪ್ಪ, ಗೋಡೆಯಿಂದ ನಾಲ್ಕೈದು ಸೆಂಟಿಮೀಟರ್ ಅಂತರ. ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಕೂರಿಸಿದ ಕಂಬಿ ಮೊದಲ ವಾರವೇ ಕಿತ್ತು ಬರುತ್ತದೆ, ಅದರ ಜೊತೆ ಮನುಷ್ಯನೂ ಬೀಳುತ್ತಾನೆ. ಅಂಥ ಗೋಡೆಯಾದರೆ ಕಂಬಿ ಬರುವ ಕಡೆ ಬ್ಲಾಕ್ ಒಡೆದು ಕಾಂಕ್ರೀಟ್ ತುಂಬಿಸಿ ಆಂಕರ್ ಬೋಲ್ಟ್ ಹಾಕಿಸಿ. ಬಿಲ್ ಮಂಜೂರು ಮಾಡುವ ಮೊದಲು ಇಬ್ಬರು ಆಳು ಜೋತುಬಿದ್ದು ನೋಡಲಿ.

ನೀರು ಹೊರಗೆ ಹರಿಯದಿರಲೆಂದು ಬಾಗಿಲಲ್ಲಿ ನಾಲ್ಕಿಂಚು ಹೊಸಿಲು ಕಟ್ಟುವುದು ನಮ್ಮ ಕಡೆಯ ಅಭ್ಯಾಸ. ಉಳಿದದ್ದೆಲ್ಲ ಸರಿಯಿದ್ದೂ ಈ ಹೊಸಿಲೊಂದೇ ಕೆಲಸ ಕೆಡಿಸಿದ ಕಟ್ಟಡಗಳು ಬೇಕಾದಷ್ಟಿವೆ. ಹೊಸಿಲು ತೆಗೆದು, ನೆಲವನ್ನು ಒಳಗಿನ ಜಾಲರಿಯ ಕಡೆಗೆ ವಾಟ ಕೊಟ್ಟರೆ ನೀರು ಅತ್ತಲೇ ಹೋಗುತ್ತದೆ. ನುಣುಪು ಟೈಲ್ಸ್ ಬೇಡ. ಕೈ ತೊಳೆಯುವ ಬೇಸಿನ್ ಕೆಳಗೆ ಕಂಬ ಕಟ್ಟಬೇಡಿ, ಮೊಣಕಾಲು ಹೋಗಬೇಕು. ಕ್ಯಾತಿಟರ್, ಸೋಪು ಇಡಲು ಕುಳಿತವರ ಕೈಗೆಟುಕುವ ಒಂದು ಚಪ್ಪಡಿ, ಚೀಲ ನೇತುಹಾಕಲು ಒಂದು ಮೊಳೆ, ಒಳ್ಳೆಯ ದೀಪ. ಮಹಿಳೆಯರಿಗೆ ಕ್ಯಾತಿಟರ್ ಹಾಕಿಕೊಳ್ಳುವುದು ಗಂಡಸರಿಗಿಂತ ಕಷ್ಟ. ಕಮೋಡಿನ ಮೇಲೆ ಭದ್ರವಾಗಿ ಕೂತರಷ್ಟೇ ಎರಡು ಕೈಯೂ ಬಿಡುವಾಗುತ್ತದೆ, ಅಭ್ಯಾಸ ಆಗುವವರೆಗೆ ಕನ್ನಡಿ ಬೇಕು. ಮುಚ್ಚಳದ ಕಸದ ಡಬ್ಬಿ ಮರೆಯಬೇಡಿ.

ಇಷ್ಟೆಲ್ಲ ಕಟ್ಟಿಸಿದ ಮೇಲೂ ಒಂದು ತೊಂದರೆ ಉಳಿಯುತ್ತದೆ. ಆ ಕೋಣೆ ದೊಡ್ಡದಿರುವುದರಿಂದ ಬ್ಲೀಚಿಂಗ್ ಪೌಡರ್ ಚೀಲ, ಹಳೆ ಬೀದಿದೀಪ, ಚುನಾವಣೆಯ ಬ್ಯಾನರು ಎಲ್ಲ ಅಲ್ಲಿಗೇ ಸೇರುತ್ತವೆ. ಬೀಗ ಬೀಳುತ್ತದೆ. ಕೀಲಿ ಯಾರ ಹತ್ತಿರ ಎಂದು ಹತ್ತು ಜನರೆದುರು ಕೇಳಬೇಕಾದ ಮನುಷ್ಯ ಕೇಳದೆ ಮನೆಗೆ ಹೋಗುತ್ತಾನೆ. ದಯವಿಟ್ಟು ಆ ಬಾಗಿಲಿಗೆ ಬೀಗ ಹಾಕಬೇಡಿ.

ರ‍್ಯಾಂಪಿನ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇವೆ, ಏಕೆಂದರೆ ಅದನ್ನು ಎಲ್ಲರೂ ಕಟ್ಟಿಸುತ್ತಾರೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಇದಿಷ್ಟೇ ಸೂತ್ರ. ಆರಾರು ಇಂಚಿನ ಮೂರು ಮೆಟ್ಟಿಲಿಗೆ 18 ಅಡಿ ರ‍್ಯಾಂಪ್ ಬೇಕು. ಜಾಗವಿಲ್ಲವೆಂದು ಆರಡಿಯಲ್ಲಿ ಮುಗಿಸಿದರೆ ಅದು ಮೋಟರ್ ಬೈಕ್ ಹತ್ತಿಸಲು ಆಗುತ್ತದೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಸಾಲದಿದ್ದರೆ ಗೋಡೆಯುದ್ದಕ್ಕೆ ತಿರುಗಿಸಿ. ಅಗಲ ನಾಲ್ಕಡಿ, ಮೇಲೂ ಕೆಳಗೂ ಐದಡಿ ಸಮತಟ್ಟು, ಬದಿಯಲ್ಲಿ ಚಕ್ರ ಜಾರದಂತೆ ಮೂರ್ನಾಲ್ಕಿಂಚಿನ ಕಟ್ಟೆ, ಎರಡೂ ಕಡೆ ಕೈಕಂಬಿ. ಸಿಮೆಂಟ್ ಹಸಿಯಿರುವಾಗಲೇ ಕಡ್ಡಿಪೊರಕೆಯಲ್ಲಿ ಅಡ್ಡ ಗೆರೆ ಎಳೆಸಿದರೆ ಮಳೆಗಾಲದಲ್ಲಿ ಜಾರುವುದಿಲ್ಲ. ಗಾರೆಯವರ ನೀರು ತುಂಬಿದ ಲೆವೆಲ್ ಪೈಪಿನಿಂದಲೇ ಏರು ಅಳೆಯಬಹುದು, ಎಂಜಿನಿಯರಿಗೆ ಕಾಯಬೇಕಿಲ್ಲ. ರ‍್ಯಾಂಪ್ ಮುಗಿಯುವ ಕಡೆ ಚರಂಡಿಯ ಕಲ್ಲುಹಾಸಿನ ಸಂದು ನೋಡಿ. ಮುಂದಿನ ಚಿಕ್ಕ ಗಾಲಿ ಅದರೊಳಗೆ ಸಿಕ್ಕಿ ಮನುಷ್ಯ ಮುಖ ಅಡಿಯಾಗಿ ಬೀಳುತ್ತಾನೆ.

ಹಣದ ವಿಚಾರ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬುದು ನಿಮಗೆ ತಿಳಿದೇ ಇದೆ. ಆ ಹಣದಲ್ಲಿ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಸಮಾರಂಭಕ್ಕೆ ಎಲ್ಲರಿಗೂ ಒಂದೇ ತರಹದ ಸಾಮಾನು ಕೊಂಡು ಹಂಚುವ ಬದಲು, ಯಾರಿಗೆ ಏನು ಬೇಕೆಂದು ಕೇಳಿ ಕೊಡಿ. ಬೆನ್ನುಹುರಿ ಪೆಟ್ಟಾದವರಿಗೆ ತಿಂಗಳು ತಿಂಗಳು ಬೇಕಾಗುವುದು ಕ್ಯಾತಿಟರ್, ಅದಕ್ಕೆ ಹಚ್ಚುವ ಜೆಲ್ಲಿ, ಮೂತ್ರದ ಚೀಲ, ಕೆಲವರಿಗೆ ಡಯಾಪರ್. ಕ್ಯಾತಿಟರಿನ ಅಳತೆ ಪ್ರತಿಯೊಬ್ಬರಿಗೂ ಬೇರೆ, ಸಗಟಾಗಿ ಒಂದೇ ಅಳತೆ ತರಿಸಿದರೆ ಪೆಟ್ಟಿಗೆಯಲ್ಲೇ ಹಾಳಾಗುತ್ತದೆ. ಅವರ ಆಸ್ಪತ್ರೆ ಚೀಟಿಯಲ್ಲಿ ನಂಬರ್ ಬರೆದಿರುತ್ತದೆ.

ಇನ್ನೊಂದು ಖರ್ಚು ಗಾಲಿಕುರ್ಚಿಯ ದಿಂಬು. ಸ್ಪರ್ಶ ಗೊತ್ತಾಗದ ಪೃಷ್ಠದ ಮೂಳೆಯಡಿ ಚರ್ಮ ಕೆಲವೇ ಗಂಟೆಗಳಲ್ಲಿ ಕೊಳೆಯಲು ಶುರುವಾಗಬಹುದು. ಆ ಹುಣ್ಣು ಆರಲು ತಿಂಗಳುಗಟ್ಟಲೆ ಬೋರಲು ಮಲಗಬೇಕು, ಒಮ್ಮೊಮ್ಮೆ ಜೀವಕ್ಕೇ ಬರುತ್ತದೆ. ಹತ್ತಿಯ ದಿಂಬು, ನಾರಿನ ಹಾಸು ಸಾಲದು. ಅನೇಕರು ಕಾಳಜಿಯಿಂದ ಕೊಂಡುಕೊಡುವ, ನಡುವೆ ತೂತಿರುವ ಗಾಳಿ ಟ್ಯೂಬ್ ಅಪಾಯಕಾರಿ: ಅಂಚು ಸುತ್ತಲೂ ಒತ್ತಿ ನಡುವಿನ ಭಾಗಕ್ಕೆ ರಕ್ತ ಹೋಗುವುದನ್ನೇ ತಡೆಯುತ್ತದೆ. ಫೋಮ್ ದಿಂಬು ಸುಮಾರು ನಾಲ್ಕಿಂಚು ದಪ್ಪ ಇರಲಿ. ಪರೀಕ್ಷೆ ಸುಲಭ. ಅವರು ಕೂತಿರುವಾಗ ದಿಂಬಿನ ಅಡಿಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ. ಕೂರುವ ಮೂಳೆ ಕೈಗೆ ಸಿಕ್ಕಿದರೆ, ನಡುವೆ ಒಂದಿಂಚಾದರೂ ಫೋಮ್ ಉಳಿದಿಲ್ಲದಿದ್ದರೆ, ದಿಂಬು ಸತ್ತಿದೆ, ಬದಲಿಸಬೇಕು. ಒಳ್ಳೆಯ ದಿಂಬಿದ್ದರೂ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಎದೆಯನ್ನು ತೊಡೆಯತ್ತ ತಂದು ಒಂದೆರಡು ನಿಮಿಷ ಇರಬೇಕಾಗುತ್ತದೆ. ಸಭೆಯಲ್ಲಿ ಯಾರಾದರೂ ಹಾಗೆ ಬಾಗಿದರೆ ತಲೆಸುತ್ತು ಬಂತೆಂದು ಗಾಬರಿಯಾಗಬೇಡಿ, ಅದು ಅವರ ದಿನಚರಿ.

ಗಾಲಿಕುರ್ಚಿಯೂ ಅಷ್ಟೆ. ದಾನಿಗಳು ಕೊಡುವ ಮಡಚುವ ಕುರ್ಚಿ ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ್ದು. ಸಣಕಲು ದೇಹದವರು 18 ಇಂಚಿನ ಸೀಟಿನಲ್ಲಿ ಕೂತರೆ ಒಂದು ಬದಿಗೆ ವಾಲಿ, ಬೆನ್ನು ಸೊಟ್ಟಗಾಗಿ, ಒಂದೇ ಮೂಳೆಯ ಮೇಲೆ ಭಾರ ಬೀಳುತ್ತದೆ. ಸೊಂಟದ ಅಗಲಕ್ಕಿಂತ ಸೀಟು ಒಂದಿಂಚು ಹೆಚ್ಚಿದ್ದರೆ ಸಾಕು. ಮಣ್ಣು ರಸ್ತೆಗೆ ಮುಂದಿನ ಗಾಲಿ ದೊಡ್ಡದಿರಬೇಕು, ಎಂಟು ಇಂಚಿನದಾದರೂ. ಹಿಂದಿನ ಗಾಲಿಯ ಟ್ಯೂಬ್, ಬೇರಿಂಗ್ ಕೆಲಸವನ್ನು ಸೈಕಲ್ ಶಾಪಿನವರೇ ಮಾಡಬಲ್ಲರು. ಅಂಗಡಿಯವರಿಗೊಂದು ಮಾತು ಹೇಳಿ ಆ ಖರ್ಚನ್ನು ಪಂಚಾಯಿತಿ ಕೊಟ್ಟರೆ ಪಂಕ್ಚರಿನ ದೆಸೆಯಿಂದ ತಿಂಗಳಾನುಗಟ್ಟಲೆ ಮೂಲೆ ಸೇರಿದ ಕುರ್ಚಿಗಳು ಹೊರಗೆ ಬರುತ್ತವೆ.

ಇವೆಲ್ಲ ವೈದ್ಯರ ಕೆಲಸ, ನಮ್ಮದಲ್ಲ ಎಂದು ನಿಮಗೆ ಅನಿಸಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ವಿಭಾಗ ಶುರು ಮಾಡಿದಾಗ, ಇಂಥ ಗಾಯಾಳುಗಳು ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುವುದೇ ಸಾಮಾನ್ಯವಾಗಿತ್ತು. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರ ಜೊತೆಗೆ ಕೆಲಸ, ಆಟಗಳನ್ನೂ ಅವರು ಚಿಕಿತ್ಸೆಯೊಳಗೇ ಸೇರಿಸಿದರು. 1948ರಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಆಡಿದ ಬಿಲ್ಲುಗಾರಿಕೆಯೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ನಮ್ಮ ಪಕ್ಕದ ವೆಲ್ಲೂರಿನಲ್ಲಿ, 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಲು ಕಾರಣರಾದರು. ವೈದ್ಯರಿಂದ ಆಗುವುದು ಆಸ್ಪತ್ರೆಯ ಗೇಟಿನವರೆಗೆ. ಆಚೆಗಿನ ಚಿಕಿತ್ಸೆಯನ್ನು ಊರೇ ಮಾಡಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವ ಹಕ್ಕನ್ನು ಕೊಟ್ಟಿದೆ. ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು 45ನೇ ಸೆಕ್ಷನ್ ಕೊಟ್ಟ ಐದು ವರ್ಷದ ಗಡುವು ಯಾವಾಗಲೋ ಮುಗಿದಿದೆ. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಟ್ಟಡ ಸರಿಯಾದ ಮೇಲೆ ಸಮಯವನ್ನೂ ಸ್ವಲ್ಪ ಸರಿಮಾಡಿ. ಇವರಿಗೆ ಬೆಳಗಿನ ಮಲವಿಸರ್ಜನೆ ನಿಗದಿತ ಹೊತ್ತಿನಲ್ಲಿ, ಬಿಸಿ ಏನಾದರೂ ಕುಡಿದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವ ಕೆಲಸ. ಎಂಟು ಗಂಟೆಗೆ ಸಭೆ ಕರೆದರೆ ಬರಲಾಗದು, ಹತ್ತೂವರೆಗೆ ಕರೆದರೆ ಬರಬಹುದು. ಸಭೆ ಎರಡು ಗಂಟೆ ದಾಟುವುದಾದರೆ ನಡುವೆ ವಿರಾಮ ಕೊಡಿ. ವಿಕಲಚೇತನರ ಸಮನ್ವಯ ಗ್ರಾಮಸಭೆ ಮಾಡುತ್ತೀರಿ, ಸಂತೋಷ. ಆದರೆ ಅದನ್ನು ಮಾಡಿದೆವೆಂದು ಸಾಮಾನ್ಯ ಗ್ರಾಮಸಭೆಯನ್ನು ಮೊದಲ ಮಹಡಿಯಲ್ಲಿ ಇಡಬೇಡಿ. ಅವರಿಗೆ ಪಿಂಚಣಿಯ ಬಗ್ಗೆ ಮಾತ್ರವಲ್ಲ, ಕೆರೆ ಹೂಳಿನ ಬಗ್ಗೆಯೂ ಹೇಳಲಿಕ್ಕಿರುತ್ತದೆ. ಮನೆಯಿಂದಲೇ ಮತದಾನದ ಅವಕಾಶ ಬಂದಿರುವುದು ಹಾಸಿಗೆ ಬಿಟ್ಟು ಏಳಲಾಗದವರಿಗೆ ದೊಡ್ಡ ಉಪಕಾರ. ಮತಗಟ್ಟೆಗೆ ಹೋಗಬಯಸುವವರಿಗೆ ಅದನ್ನೇ ತೋರಿಸಿ ಶಾಲೆಯ ಮೆಟ್ಟಿಲನ್ನು ಹಾಗೇ ಬಿಡುವುದು ತಪ್ಪು.

ಜಾತ್ರೆ, ಮದುವೆ, ಆಟ ಪಂಚಾಯಿತಿಯ ಆಡಳಿತಕ್ಕೆ ಸೇರಿದ್ದಲ್ಲವಾದರೂ ಅಲ್ಲಿ ನಿಮ್ಮ ಮಾತು ನಡೆಯುತ್ತದೆ. ಊಟದ ಪಂಕ್ತಿಯ ತುದಿಯಲ್ಲಿ ಒಂದು ಟೇಬಲ್ ಹಾಕಿಸಿ. 'ನೀವು ಇಲ್ಲೇ ಇರಿ, ತಂದುಕೊಡ್ತೀವಿ' ಎನ್ನುವುದು ಪ್ರೀತಿಯಿಂದಲೇ ಬರುವ ಮಾತು, ಆದರೂ ಅದು ಅವರನ್ನು ಪಂಕ್ತಿಯಿಂದ ಎಬ್ಬಿಸುತ್ತದೆ. ತೇರಿನ ಬೀದಿಯ ಮರಳಿನಲ್ಲಿ ಕುರ್ಚಿಯನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಗಾಲಿ ಹೂತುಹೋಗುತ್ತದೆ, ಹಿಮ್ಮುಖವಾಗಿ ಎಳೆಯಿರಿ. ಮೆಟ್ಟಿಲು ಹತ್ತಿಸಲೇಬೇಕಾದಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗಿರಲಿ. ಒಬ್ಬರು ಹಿಂದಿನ ಹಿಡಿ, ಒಬ್ಬರು ಮುಂದಿನ ಚೌಕಟ್ಟಿನ ಕೊಳವೆ ಹಿಡಿಯಬೇಕು. ಕೈ ಇಡುವ ತೋಳು, ಕಾಲಿಡುವ ಪಟ್ಟಿ ಹಿಡಿದೆತ್ತಿದರೆ ಅವು ಕಳಚಿ ಬರುತ್ತವೆ. ಎತ್ತುವ ಮೊದಲು ಅವರನ್ನೇ ಕೇಳಿ, ಅವರೇ ಹೇಳಿಕೊಡುತ್ತಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕಿಂತ ಕಾಲಮಿತಿಯ ಆಟ ಇವರ ನಾಲ್ಕು ಗಂಟೆಗೆ ಹೊಂದುತ್ತದೆ ಎಂಬುದನ್ನೂ ಸಂಘಟಕರಿಗೆ ತಿಳಿಸಬಹುದು.

ಬಿಸಿಲು, ಬಿಸಿ ಎರಡರ ಬಗ್ಗೆಯೂ ಎಚ್ಚರ ಬೇಕು. ಕುತ್ತಿಗೆ, ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಕೆಳಗಿನ ಮೈ ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ನೆರಳು, ಒದ್ದೆ ಬಟ್ಟೆ ಸಿದ್ಧವಿರಲಿ. ತೊಡೆಯ ಮೇಲೆ ಬಿಸಿ ಚಹಾ ಲೋಟ ಇಡಬೇಡಿ, ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ. ಎದೆಗೂಡಿನ ಆರನೇ ಬೆನ್ನುಮೂಳೆಯಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಂತಾಗಿ, ಮುಖ ಕೆಂಪೇರಿ, ಹಣೆ ಬೆವರಿದರೆ ಅದು ರಕ್ತದೊತ್ತಡ ಏರಿದ ಸೂಚನೆ. ಬಹಳ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಿಚಿಕೊಂಡ ಮೂತ್ರದ ಪೈಪು. ಅಂಥ ಹೊತ್ತಲ್ಲಿ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಕಾಲು ಕೆಳಗಿಳಿಸಿ, ಬೆಲ್ಟು, ಬಿಗಿ ಬಟ್ಟೆ ಸಡಿಲಿಸಿ, ಪೈಪು ನೇರ ಮಾಡಿ, ಮೂತ್ರ ಖಾಲಿ ಮಾಡಿಸಬೇಕು. ಆದರೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ನಿಮ್ಮ ಆಶಾ ಕಾರ್ಯಕರ್ತೆಯರಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಇಷ್ಟು ಬಾಯಿಪಾಠ ಆಗಿರಲಿ.

ಕೆಲಸದ ಬಗ್ಗೆ ಒಂದೆರಡು ಮಾತು. ಮರ ಹತ್ತುತ್ತಿದ್ದ ಕೊನೆಗಾರನಿಗೆ ಅಡಿಕೆಯ ಗುಣ ಕಣ್ಣಲ್ಲೇ ತಿಳಿಯುತ್ತದೆ. ಅಡಿಕೆ ವಿಂಗಡಿಸುವುದು ಅವನಿಗೆ ಹೊಸ ವಿದ್ಯೆಯಲ್ಲ. ಸುಲಿಯುವ ಮೆಟ್ಟುಗತ್ತಿ ನೆಲಮಟ್ಟದಲ್ಲಿ, ಕಾಲಲ್ಲಿ ಒತ್ತಿ ಹಿಡಿಯುವಂಥದ್ದು. ಅದೇ ಅಲಗನ್ನು ಟೇಬಲ್ಲಿಗೆ ಬೋಲ್ಟ್ ಮಾಡಿದರೆ ಕುರ್ಚಿಯಿಂದಲೇ ಸುಲಿಯಬಹುದು. ಹೊಲಿಗೆ ಯಂತ್ರಕ್ಕೆ ಮೋಟರ್ ಕೂರಿಸಿ, ಕಾಲಿನ ಪೆಡಲನ್ನು ಮೊಣಕೈಗೆ ಸಿಗುವಂತೆ ಟೇಬಲ್ಲಿನ ಅಂಚಿಗೆ ಬಿಗಿದರಾಯಿತು. ಡೇರಿಯಲ್ಲಿ ಹಾಲು ಪರೀಕ್ಷೆ, ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಉಸ್ತುವಾರಿ, ಉದ್ಯೋಗ ಖಾತರಿ ಕೆಲಸದ ಹಾಜರಾತಿ, ಇವೆಲ್ಲ ಕೂತು ಮಾಡುವ ಕೆಲಸಗಳೇ. ಕೆಲಸವಿದೆ ಬಾ ಎಂದು ಕರೆಯುವ ಒಬ್ಬರು, 'ಇನ್ನೂ ನಡೆಯೋಕೆ ಆಗಲ್ವಾ?' ಎಂದು ಕೇಳುವ ಹತ್ತು ಜನರಿಗಿಂತ ಬೇಕಾದವರು.

ಅವರನ್ನು ನೋಡಿಕೊಳ್ಳುವ ಹೆಂಡತಿ ಅಥವಾ ತಾಯಿಯೂ ಊರಿನಿಂದ ಮರೆಯಾಗಿರುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಯನ್ನು ತಿಂಗಳಿಗೊಮ್ಮೆ ಆ ಮನೆಯ ಜಗಲಿಯಲ್ಲೇ ನಡೆಸುವಂತೆ ಸಂಘದ ಅಕ್ಕಂದಿರನ್ನು ಕೇಳಿಕೊಳ್ಳಿ.

ಶುರು ಮಾಡುವುದು ಹೀಗೆ. ಯಾರಾದರೂ ಆಸ್ಪತ್ರೆಯಿಂದ ಬಂದ ವಾರದೊಳಗೆ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆ ಮತ್ತು ಗಾರೆಯವರು ಒಟ್ಟಿಗೆ ಆ ಮನೆಗೆ ಹೋಗಲಿ. ಮೊದಲು ಬಚ್ಚಲು, ಶೌಚಾಲಯದ ಬಾಗಿಲು ಅಳೆಯಲಿ, ಆಮೇಲೆ ಜಗಲಿಯ ಎತ್ತರ, ಆಮೇಲೆ ರಸ್ತೆಯವರೆಗಿನ ದಾರಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಯನ್ನು ಅಂದೇ ತುಂಬಿಸಲಿ. ಪ್ರಮಾಣಪತ್ರ ತಾತ್ಕಾಲಿಕವಾದರೆ ಅದು ಮುಗಿಯುವ ದಿನಾಂಕ ಪಂಚಾಯಿತಿಯ ಪುಸ್ತಕದಲ್ಲಿರಲಿ, ಇಲ್ಲವಾದರೆ ಒಂದು ತಿಂಗಳು ಇದ್ದಕ್ಕಿದ್ದಂತೆ ಪಿಂಚಣಿ ನಿಂತುಹೋಗಬಹುದು. ನಂತರ ಅವರನ್ನೇ ಕುರ್ಚಿಯಲ್ಲಿ ಕೂರಿಸಿಕೊಂಡು ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ಡೇರಿ, ಆರೋಗ್ಯ ಉಪಕೇಂದ್ರ, ದೇವಸ್ಥಾನ ಈ ಐದು ಕಡೆ ಹೋಗಿ ಬನ್ನಿ. ಕುರ್ಚಿ ಎಲ್ಲೆಲ್ಲಿ ನಿಂತಿತೋ ಅದೇ ನಿಮ್ಮ ಮುಂದಿನ ಕ್ರಿಯಾಯೋಜನೆ.

ಮುಂದಿನ ಗ್ರಾಮಸಭೆಯ ನೋಟಿಸಿನಲ್ಲಿ ಸ್ಥಳ, ಸಮಯದ ಕೆಳಗೆ ಒಂದು ಸಾಲು ಸೇರಿಸಿ ಎಂದು ಕೇಳಿಕೊಳ್ಳುತ್ತೇವೆ: 'ಗಾಲಿಕುರ್ಚಿ ಹೋಗುವ ಶೌಚಾಲಯ ಇದೆ, ಬಾಗಿಲು ತೆರೆದಿರುತ್ತದೆ.' ಆ ಸಾಲು ಬರೆಯುವಂತಾಗಲು ಏನೇನು ಮಾಡಬೇಕೋ ಅದು ಈ ಪತ್ರದಲ್ಲಿದೆ.

ಇಂತಿ,
ಬೆನ್ನುಹುರಿ ಪುನರ್ವಸತಿ ಕೆಲಸದಲ್ಲಿರುವವರು